ಶಟರ್ ಎಳೆದರೆ ಕೇಸು ಯಾರ ಮೇಲೆ?

2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟು ಒಂದೇ ಕೇಸಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವತ್ತು ಒಂದು ದಿನದ ಮಟ್ಟಿಗೆ ದೇಶದ ಟಿವಿಗಳೆಲ್ಲ ಮರಕುಂಬಿ ಅನ್ನೋ ಹೆಸರು ಹೇಳಿದವು. ಗಂಗಾವತಿ ತಾಲ್ಲೂಕಿನ ಊರು ಅದು. ಟಿವಿಯವರು ಮರುದಿನ ಮರೆತರು, ನಮ್ಮ ಕಡೆ ಮಾತ್ರ ಚಾ ಅಂಗಡಿ ಕಟ್ಟೆ ಮೇಲೆ ಈಗಲೂ ಆ ಮಾತು ಬರುತ್ತದೆ. ಒಬ್ಬರು "ಮಾಡಿದ್ದು ಉಂಡ್ರು ಬಿಡ್ರಿ" ಅಂತಾರೆ. ಇನ್ನೊಬ್ಬರು "ಅಷ್ಟು ಮಂದೀನ ಒಮ್ಮೆಗೇ ಜೈಲಿಗೆ ಹಾಕೋದಂದ್ರ ಹೆಂಗ್ರಿ" ಅಂತಾರೆ. ವಾದ ಶಿಕ್ಷೆಯ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಆ ಜಗಳದ ಬುಡದಲ್ಲಿ ಇದ್ದದ್ದೇನು ಅಂತ ಯಾರೂ ಕೇಳುವುದಿಲ್ಲ. ಬುಡದಲ್ಲಿ ಇದ್ದದ್ದು ಕಟಿಂಗ್ ಶಾಪು ಮತ್ತು ಹೋಟೆಲು. ದಲಿತರು ಒಳಗೆ ಬರಬಾರದು ಅಂತ ಅಲ್ಲಿ ತಡೆದದ್ದು, ಅದನ್ನು ಅವರು ಪ್ರಶ್ನೆ ಮಾಡಿದ್ದು.

ಮೊದಲು ಕೇಸಿನ ಕಥೆ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧಂಬರ್ಧ ಗೊತ್ತಿರುವವರೇ ಜಾಸ್ತಿ. 2014ರ ಆಗಸ್ಟ್ 28. ಕಟಿಂಗ್ ಶಾಪು, ಹೋಟೆಲಿನ ವಿಷಯಕ್ಕೆ ಊರಲ್ಲಿ ಮೊದಲಿಂದಲೂ ಬಿಸಿ ಇತ್ತು. ಗಂಗಾವತಿಯ ಸಿನಿಮಾ ಟಾಕೀಸಿನ ಹತ್ತಿರ ಆದ ಒಂದು ಹೊಡೆದಾಟ ಅದಕ್ಕೆ ಕಿಡಿ ಹಚ್ಚಿತು. ಗುಂಪು ಕಟ್ಟಿಕೊಂಡು ದಲಿತರ ಕೇರಿಗೆ ನುಗ್ಗಿದರು, ಹೊಡೆದರು, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಒಟ್ಟು 117 ಆರೋಪಿಗಳು. ಕೆಲವರು ವಿಚಾರಣೆ ನಡೆಯುವಾಗಲೇ ತೀರಿಕೊಂಡರು. ಹತ್ತು ವರ್ಷ ಕಳೆದ ಮೇಲೆ 101 ಜನ ತಪ್ಪಿತಸ್ಥರು ಅಂತ ತೀರ್ಪು ಬಂತು. 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಈ ಮೂವರಿಗೆ ಯಾಕೆ ಕಡಿಮೆ ಅಂದರೆ, ಅವರು ಕೂಡ ಪರಿಶಿಷ್ಟರೇ. ಹಾಗಾಗಿ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಇದನ್ನು ಬರೀ "ಮೇಲಿನವರು, ಕೆಳಗಿನವರು" ಅಂತ ಎರಡು ಗೀಟು ಎಳೆದು ನೋಡುವವರು ಈ ಮೂವರನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಬೇಕು.

"ನೂರು ಜನರೂ ಬೆಂಕಿ ಹಚ್ಚಿದರಾ?" ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಇಲ್ಲ, ನೂರು ಜನ ನೂರು ಕಡ್ಡಿ ಗೀರುವುದಿಲ್ಲ. ಆದರೆ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ಕೆಟ್ಟ ಉದ್ದೇಶಕ್ಕೆ ಗುಂಪಾಗಿ ಹೋದರೆ, ಆ ಉದ್ದೇಶಕ್ಕಾಗಿ ಗುಂಪಿನಲ್ಲಿ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ. ಆಗಿನ ಐಪಿಸಿಯಲ್ಲಿ ಅದು 149ನೇ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 190. ಇನ್ನೊಂದು ವಿಷಯ. ಪರಿಶಿಷ್ಟರ ವಾಸದ ಮನೆಗೆ ಬೆಂಕಿ ಇಟ್ಟು ನಾಶ ಮಾಡಿದ್ದು ಸಾಬೀತಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಇರುವ ಶಿಕ್ಷೆ ಜೀವಾವಧಿ ಒಂದೇ. ಮೂರು ವರ್ಷ, ಐದು ವರ್ಷ ಅಂತ ಆರಿಸಿಕೊಳ್ಳಲು ಅಲ್ಲಿ ಬೇರೆ ಇಲ್ಲ. "ಜಡ್ಜ್ ಸಾಹೇಬರು ಸಿಟ್ಟಿನಲ್ಲಿ ಬರೆದುಬಿಟ್ಟರು" ಅನ್ನುವವರು ಈ ಸೆಕ್ಷನ್ ಓದಿಲ್ಲ. ತೀರ್ಪಾದ ಕೆಲವೇ ವಾರಗಳಲ್ಲಿ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಮೇಲ್ಮನವಿಗೆ ಹೋದವರಿಗೆ ಅದು ಸಿಗುವುದು ಹೊಸದೇನಲ್ಲ. ಹತ್ತು ವರ್ಷ ಕಾದವರ ಮನೆಯಲ್ಲಿ ಆ ಸುದ್ದಿ ಹೇಗೆ ಕೇಳಿಸಿರಬಹುದು ಅನ್ನೋದು ಬೇರೆ ಮಾತು.

ಕೇಸು ಅಲ್ಲಿಗೆ ಬಿಡೋಣ. ನನ್ನನ್ನು ಕಾಡುವುದು ಬೇರೆ. ಕೇರಿಗೆ ಬೆಂಕಿ ಬಿದ್ದರೆ ಕಾನೂನಿನ ಬಳಿ ಜೀವಾವಧಿ ಇದೆ. ಬೆಂಕಿ ಬೀಳುವುದಕ್ಕೆ ಮುಂಚೆ, ವರ್ಷಗಟ್ಟಲೆ, ಒಬ್ಬ ಹುಡುಗ ತನ್ನ ಊರಿನ ಕಟಿಂಗ್ ಶಾಪಿನ ಕುರ್ಚಿ ಮೇಲೆ ಕೂರಲು ಆಗಲಿಲ್ಲ ಅಂದರೆ ಅದಕ್ಕೆ ಕಾನೂನಿನ ಬಳಿ ಏನಿದೆ? ಪುಸ್ತಕದಲ್ಲಿ ಬೇಕಾದಷ್ಟಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ರದ್ದು ಅನ್ನುತ್ತದೆ. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ ಅಂತ ಹೆಸರು ಹಿಡಿದೇ ಬರೆದಿದ್ದಾರೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಅಂಗಡಿಗೆ ಸೇರಿಸದಿದ್ದರೆ ಒಂದರಿಂದ ಆರು ತಿಂಗಳು ಜೈಲು, ಜೊತೆಗೆ ದಂಡ ಅನ್ನುತ್ತದೆ. ಆ ದಂಡ ಎಷ್ಟು ಗೊತ್ತಾ? ನೂರರಿಂದ ಐನೂರು ರೂಪಾಯಿ. ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದವನ ದಂಡಕ್ಕೆ ಸಮ. ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ ಇನ್ನೂ ಬಿಗಿ. ಅಂಗಡಿಗೆ ಹೋಗುವುದನ್ನು ತಡೆದರೆ, ಮದುವೆ ಮೆರವಣಿಗೆ ತಡೆದರೆ, ಬೈಕ್ ಹತ್ತಬೇಡ, ಚಪ್ಪಲಿ ಹಾಕಬೇಡ ಅಂದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಬಹಿಷ್ಕಾರ ಹಾಕಿದರೂ ಅಷ್ಟೇ.

ಇಷ್ಟೆಲ್ಲ ಇದ್ದೂ ಕುರ್ಚಿ ಯಾಕೆ ಸಿಗುತ್ತಿಲ್ಲ?

ಕೊಪ್ಪಳದಿಂದ ಹತ್ತು ಕಿಲೋಮೀಟರ್ ಒಳಗೇ ಇರುವ ಮುದ್ದಾಬಳ್ಳಿಯ ಸುದ್ದಿ 2025ರ ಫೆಬ್ರುವರಿಯಲ್ಲಿ ಪತ್ರಿಕೆಗಳಲ್ಲಿ ಬಂತು. ದಲಿತರಿಗೂ ಕಟಿಂಗ್ ಮಾಡಬೇಕು ಅನ್ನೋ ಒತ್ತಾಯ ಬಂದಾಗ ಊರಿನ ಕಟಿಂಗ್ ಶಾಪುಗಳೇ ಬಾಗಿಲು ಹಾಕಿದವು. ಉಳಿದವರ ಮನೆಗೆ ಕ್ಷೌರಿಕರೇ ಹೋಗಿ ಕೆಲಸ ಮಾಡಿ ಬರುತ್ತಿದ್ದರು. ದಲಿತರು ಕೊಪ್ಪಳಕ್ಕೆ ಬಂದು ಮಾಡಿಸಿಕೊಳ್ಳುತ್ತಿದ್ದರು. ಜಿಲ್ಲಾಧಿಕಾರಿ ಕಚೇರಿ ಇರುವ ಊರಿನ ಪಕ್ಕದಲ್ಲೇ ಇದು ನಡೆದಿದ್ದು.

ಇಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಿ. ಶಟರ್ ಇಳಿದ ಮೇಲೆ ಯಾರೂ ಯಾರಿಗೂ "ನೀನು ಒಳಗೆ ಬರಬೇಡ" ಅನ್ನಬೇಕಾಗಿಲ್ಲ. ಬೋರ್ಡು ಹಾಕಬೇಕಾಗಿಲ್ಲ, ಬೈಯಬೇಕಾಗಿಲ್ಲ, ತಳ್ಳಬೇಕಾಗಿಲ್ಲ. ಅಂಗಡಿ ಮುಚ್ಚಿದೆ ಅಷ್ಟೇ. ಮೈಗೆ ಹುಷಾರಿಲ್ಲ, ಮಷಿನ್ ಕೆಟ್ಟಿದೆ, ಊರಿಗೆ ಹೋಗಿದ್ದೆ, ಬಾಡಿಗೆ ಕಟ್ಟಲಾಗದೆ ಬಿಟ್ಟೆ, ಕಾರಣಕ್ಕೇನು ಬರ. ಪೊಲೀಸರು ಬಂದರೆ ಏನು ಬರೆದುಕೊಳ್ಳುತ್ತಾರೆ? ಕಾಯ್ದೆಗೆ ತಡೆದವನು ಒಬ್ಬ ಬೇಕು. ತಡೆದ ಮಾತು ಬೇಕು. ಸಾಕ್ಷಿ ಬೇಕು. ಮುಚ್ಚಿದ ಶಟರಿನ ಮೇಲೆ ಎಫ್‌ಐಆರ್ ಹಾಕಲು ಬರುವುದಿಲ್ಲ. 1955ರ ಕಾಯ್ದೆಯಲ್ಲಿ ಒಂದು ಒಳ್ಳೆಯ ಸೆಕ್ಷನ್ ಇದೆ, 12ನೆಯದು. ತೊಂದರೆಗೊಳಗಾದವನು ಪರಿಶಿಷ್ಟ ಜಾತಿಯವನಾದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯಿತು ಅಂತ ಕೋರ್ಟು ಭಾವಿಸಬೇಕು, ಅಲ್ಲ ಅಂತ ತೋರಿಸುವ ಭಾರ ಆರೋಪಿಯದು. ಚೆನ್ನಾಗಿಯೇ ಇದೆ. ಆದರೆ ಮೊದಲು ಒಬ್ಬ ಆರೋಪಿ ಸಿಗಬೇಕಲ್ಲ. ಅಂಗಡಿ ಎಲ್ಲರಿಗೂ ಮುಚ್ಚಿದೆ, ಸಾಹೇಬ್ರೇ, ನೀವೇ ನೋಡಿ ಅಂದರೆ ಮುಗಿಯಿತು.

ಹಳೆಯ ಕಾಲದ ಭೇದಕ್ಕೆ ಬಾಯಿ ಇತ್ತು, ಈಗಿನದು ಬಾಯಿ ಮುಚ್ಚಿಕೊಂಡೇ ಕೆಲಸ ಮಾಡುತ್ತದೆ. ಹೋಟೆಲುಗಳನ್ನೇ ನೋಡಿ. ಮುಂಚೆ ದಲಿತರಿಗೆ ಬೇರೆ ಲೋಟ ಇರುತ್ತಿತ್ತು, ಹೊರಗಿನ ಗೂಡಿನಲ್ಲಿ ಇಟ್ಟಿರುತ್ತಿದ್ದರು, ಕುಡಿದು ತಾವೇ ತೊಳೆದಿಡಬೇಕಿತ್ತು. ಅದನ್ನು ಫೋಟೊ ಹೊಡೆಯಬಹುದಿತ್ತು, ತಹಶೀಲ್ದಾರರಿಗೆ ತೋರಿಸಬಹುದಿತ್ತು. ಈಗ ಕಾಗದದ ಕಪ್ಪು ಬಂದಿದೆ. ಎಲ್ಲರಿಗೂ ಕಾಗದದ ಕಪ್ಪು, ಎಷ್ಟು ಸಮಾನತೆ ಅನಿಸುತ್ತದೆ. ಕೆಲವು ಕಡೆ ಒಳಗೆ ಬೆಂಚಿನ ಮೇಲೆ ಕೂತವರಿಗೆ ಸ್ಟೀಲು ಲೋಟ, ಪಾರ್ಸಲ್ ಕೇಳಿದವರಿಗೆ ಕಪ್ಪು, ಮತ್ತು ಯಾರು ಪಾರ್ಸಲ್ ಕೇಳಬೇಕು ಅನ್ನೋದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿರುತ್ತದೆ. ಇದನ್ನು ಯಾವ ಸೆಕ್ಷನ್ನಿನಲ್ಲಿ ಹಿಡಿಯುತ್ತೀರಿ?

ಈಗ ಕತ್ತರಿ ಹಿಡಿದವನ ಕಡೆಯಿಂದ ನೋಡೋಣ. ಇದನ್ನು ಬರೆದರೆ ಕೆಲವರಿಗೆ ಸಿಟ್ಟು ಬರುತ್ತದೆ, ಗೊತ್ತು. ಆದರೂ ಬರೆಯಬೇಕು. ನಮ್ಮ ಭಾಗದ ಹಳ್ಳಿಗಳಲ್ಲಿ ಈ ಕೆಲಸ ಮಾಡುವವರು ಬಹುತೇಕ ಹಡಪದ ಸಮಾಜದವರು. ಊರಿಗೆ ಒಂದೋ ಎರಡೋ ಮನೆ. ಹೊಲ ಇಲ್ಲ, ಇದ್ದರೂ ಅಷ್ಟಕ್ಕಷ್ಟೇ. ಮೊದಲೆಲ್ಲ ಆಯ ಇತ್ತು. ವರ್ಷವಿಡೀ ಮನೆಮಂದಿಗೆಲ್ಲ ಕ್ಷೌರ ಮಾಡಿದ್ದಕ್ಕೆ ಸುಗ್ಗಿಯಲ್ಲಿ ಇಷ್ಟು ಜೋಳ, ಇಷ್ಟು ಭತ್ತ ಅಂತ ಕೊಡುತ್ತಿದ್ದರು. ಈಗ ಆಯದ ಜಾಗಕ್ಕೆ ದುಡ್ಡು ಬಂದಿದೆ. ಆದರೆ ಅಂಗಡಿಯ ಜಾಗ ಯಾರದ್ದು, ಕಷ್ಟಕ್ಕೆ ಕೈಸಾಲ ಕೊಟ್ಟವರು ಯಾರು, ಮಗಳ ಮದುವೆಗೆ ಅಕ್ಕಿ ಚೀಲ ಕಳಿಸಿದವರು ಯಾರು ಅಂತ ನೋಡಿದರೆ ಲೆಕ್ಕ ಮತ್ತೆ ಮೇಲ್ಜಾತಿಯವರ ಓಣಿಗೇ ಹೋಗಿ ನಿಲ್ಲುತ್ತದೆ. ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರ ಹೆಸರು ಹೇಳಿಕೊಳ್ಳುವ ಸಮಾಜ ಇದು. ಇವರಿಗೂ ಊರಲ್ಲಿ ಮರ್ಯಾದೆ ಅಷ್ಟಕ್ಕಷ್ಟೇ. ಬೆಳಿಗ್ಗೆ ಎದ್ದು ಇವರ ಮುಖ ನೋಡಿದರೆ ಅಪಶಕುನ ಅನ್ನುವ ಮಂದಿ ಇನ್ನೂ ಇದ್ದಾರೆ.

ಒಂದು ಊರಿನ ಕ್ಷೌರಿಕರ ಹತ್ತಿರ ಈ ವಿಷಯ ಮಾತಾಡಿದ್ದೆ, ಊರು ಯಾವುದು ಅಂತ ಬೇಡ. ಅವರು ಹೇಳಿದ್ದು ಹೀಗೆ: "ನನಗೇನ್ ಬ್ಯಾಡ ಅನ್ನಾಕ ಆಸೆ ಐತೇನ್ರಿ ಅಣ್ಣಾರ? ಅವ್ರೂ ರೊಕ್ಕ ಕೊಡ್ತಾರ, ಇವ್ರೂ ರೊಕ್ಕ ಕೊಡ್ತಾರ. ಆದ್ರ ನಾಳೆ ಆ ಓಣಿ ಮಂದಿ ಬರೋದು ಬಿಟ್ರ ನಾ ಎಲ್ಲಿಗೆ ಹೋಗ್ಲಿ? ಪೊಲೀಸ್ರು ಒಂದಿನ ಬರ್ತಾರ, ಅವ್ರು ದಿನಾ ಇರ್ತಾರ." ಕೊನೆಯ ವಾಕ್ಯದಲ್ಲಿ ಇಡೀ ಸಮಸ್ಯೆ ಇದೆ ಅಂತ ನನಗೆ ಅನಿಸಿತು.

ಹಾಗಂತ ಅವರನ್ನು ಪೂರ್ತಿ ಬಿಟ್ಟುಬಿಡಲು ನಾನು ತಯಾರಿಲ್ಲ. ಭಯಕ್ಕೆ ಇಲ್ಲ ಅನ್ನುವವರು ಇದ್ದಾರೆ, ಮನಸ್ಸಿನಿಂದಲೇ ಇಲ್ಲ ಅನ್ನುವವರೂ ಇದ್ದಾರೆ. ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ 2024ರ ಆಗಸ್ಟಿನಲ್ಲಿ ಕಟಿಂಗ್ ವಿಷಯಕ್ಕೆ ಶುರುವಾದ ಜಗಳದಲ್ಲಿ ಒಬ್ಬ ದಲಿತ ಯುವಕನ ಕೊಲೆಯೇ ಆಯಿತು, ಬಂಧನವಾದದ್ದು ಕ್ಷೌರಿಕನದು. ಮರಕುಂಬಿ ತೀರ್ಪು ಬರುವುದಕ್ಕೆ ಎರಡು ತಿಂಗಳು ಮುಂಚೆ, ಅದೇ ಜಿಲ್ಲೆಯಲ್ಲಿ. ಕೂದಲು ಕತ್ತರಿಸುವಷ್ಟು ಸಣ್ಣ ವಿಷಯಕ್ಕೆ ಒಂದು ಜೀವ. ಬಡವನ ಕೈಯಲ್ಲೂ ಜಾತಿ ಇರುತ್ತದೆ, ತನಗಿಂತ ಕೆಳಗೆ ಒಬ್ಬ ಇದ್ದಾನೆ ಅನ್ನೋ ಸಮಾಧಾನ ಬಿಟ್ಟುಕೊಡಲು ಬಡವನೂ ಸುಲಭಕ್ಕೆ ಒಪ್ಪುವುದಿಲ್ಲ.

ಆದರೆ ಹಿಂದೆ ನಿಂತು ಕಣ್ಣು ಬಿಡುವವನು ಯಾವ ಎಫ್‌ಐಆರ್‌ನಲ್ಲೂ ಇರುವುದಿಲ್ಲ ಅನ್ನೋದೇ ನನ್ನ ತಕರಾರು. "ಅವರಿಗೆ ಮಾಡಿದ ಕತ್ತರಿಯಿಂದ ನಮಗೆ ಮಾಡಬೇಡ" ಅಂದವನು, "ಮಾಡಿದರೆ ನಾವು ಬರುವುದಿಲ್ಲ" ಅಂತ ಬೆದರಿಸಿದವನು ಮನೆಯಲ್ಲೇ ಗಡ್ಡ ಮಾಡಿಸಿಕೊಂಡು ಆರಾಮಾಗಿ ಇರುತ್ತಾನೆ. ದೌರ್ಜನ್ಯ ತಡೆ ಕಾಯ್ದೆಯ ಬಹಿಷ್ಕಾರದ ಸೆಕ್ಷನ್ ಪರಿಶಿಷ್ಟರ ಮೇಲೆ ಬಹಿಷ್ಕಾರ ಹಾಕಿದರೆ ಮಾತ್ರ. ಪರಿಶಿಷ್ಟರಿಗೆ ಕೆಲಸ ಮಾಡಿಕೊಟ್ಟ ಅಂತ ಹಡಪದ ಸಮಾಜದವನ ಮೇಲೆ ಊರು ಬಹಿಷ್ಕಾರ ಹಾಕಿದರೆ ಅದೇ ಸೆಕ್ಷನ್ ಅವನಿಗೆ ಸಿಗುವುದಿಲ್ಲ. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಯಾವ ಜಾತಿಯವರಿಗಾದರೂ ಅನ್ವಯಿಸುವ ಕಾನೂನು ಮಾಡಿತು. ನಮ್ಮಲ್ಲೂ 2025ರಲ್ಲಿ ಅಂಥ ಕಾನೂನಿನ ಮಸೂದೆ ಬಂತು. ಅದು ಹಳ್ಳಿಯ ಕಟಿಂಗ್ ಶಾಪಿನವರೆಗೆ ಬಂದು ಮುಟ್ಟಬೇಕು, ಬೆದರಿಸಿದವನ ಹೆಸರು ಹೇಳಿದ ಕ್ಷೌರಿಕನಿಗೆ ಮರುದಿನ ಗಿರಾಕಿ ಇಲ್ಲದಿದ್ದರೂ ಮನೆ ನಡೆಯಬೇಕು. ಎರಡನೆಯದು ಇಲ್ಲದೆ ಮೊದಲನೆಯದು ಕಾಗದ ಅಷ್ಟೇ.

ಅಧಿಕಾರಿಗಳು ಏನು ಮಾಡುತ್ತಾರೆ? ಶಾಂತಿ ಸಭೆ. ಶಾಮಿಯಾನ ಹಾಕಿಸುತ್ತಾರೆ, ತಹಶೀಲ್ದಾರರು, ಡಿವೈಎಸ್ಪಿ, ಸಮಾಜ ಕಲ್ಯಾಣ ಇಲಾಖೆಯವರು ಬರುತ್ತಾರೆ, ಎಲ್ಲರೂ ಅಣ್ಣ ತಮ್ಮಂದಿರು ಅಂತ ಭಾಷಣ ಆಗುತ್ತದೆ, ಒಬ್ಬ ದಲಿತ ಹುಡುಗನನ್ನು ಕುರ್ಚಿ ಮೇಲೆ ಕೂರಿಸಿ ಎಲ್ಲರ ಮುಂದೆ ಕಟಿಂಗ್ ಮಾಡಿಸುತ್ತಾರೆ, ಫೋಟೊ ಬರುತ್ತದೆ, ಜೀಪುಗಳು ಹೋಗುತ್ತವೆ. ಆಮೇಲೆ ಮತ್ತೆ ಶಟರ್. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಮಗು ಗುಡಿಯೊಳಗೆ ಹೋಯಿತು ಅಂತ ಅಪ್ಪ ಅಮ್ಮನಿಗೆ ದಂಡ ಹಾಕಲು ಹೊರಟಿದ್ದರು, ಗುಡಿ ಶುದ್ಧಿಯ ಖರ್ಚಿಗೆ ಅಂತೆ. ದೊಡ್ಡ ಸುದ್ದಿಯಾಯಿತು, ಬಂಧನವೂ ಆಯಿತು. ಮುಂದಿನ ವರ್ಷ ಸರ್ಕಾರ ಆ ಮಗುವಿನ ಹೆಸರನ್ನೇ ಇಟ್ಟು ಸಾಮರಸ್ಯದ ಯೋಜನೆಯೊಂದನ್ನು ತಂದಿತು. ಯೋಜನೆಗೆ ಹೆಸರಿಡುವುದು ನಮಗೆ ಚೆನ್ನಾಗಿ ಬರುತ್ತದೆ.

ಸರ್ಕಾರವೇ ಹಳ್ಳಿಗಳಲ್ಲಿ ಕ್ಷೌರದ ಅಂಗಡಿ ತೆರೆಯಬೇಕು ಅನ್ನೋ ಪ್ರಸ್ತಾವ ಕೂಡ 2020ರ ಸುಮಾರಿಗೆ ಬಂದಿತ್ತು. ಕೇಳಿದಾಗ ನಗು ಬರುತ್ತದೆ, ಆದರೆ ಪೂರ್ತಿ ತಮಾಷೆಯ ಮಾತಲ್ಲ. ಪಂಚಾಯ್ತಿಯ ಮಳಿಗೆಯಲ್ಲಿ ಅಂಗಡಿ, ಬಾಡಿಗೆ ಇಲ್ಲ, ಎಲ್ಲರಿಗೂ ಕಟಿಂಗ್ ಅನ್ನೋದು ಷರತ್ತು, ಕ್ಷೌರಿಕನಿಗೆ ತಿಂಗಳಿಗೆ ಇಷ್ಟು ಅಂತ ಖಾತ್ರಿ. ಆಗ ಅವನು "ನಾನಲ್ಲ, ಪಂಚಾಯ್ತಿ ರೂಲು" ಅನ್ನಬಹುದು. ತಪ್ಪನ್ನು ಹಾಕಲು ಬೇರೆ ಒಂದು ಹೆಗಲು ಸಿಕ್ಕರೆ ಎಷ್ಟೋ ಜನ ಧೈರ್ಯ ಮಾಡುತ್ತಾರೆ. ಅಪಾಯ ಏನೆಂದರೆ, ಸರ್ಕಾರಿ ಅಂಗಡಿ ಅಂದರೆ ದಲಿತರ ಅಂಗಡಿ ಅಂತ ಊರು ತೀರ್ಮಾನ ಮಾಡಿಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು.

ಕೇರಿಯ ಹುಡುಗರೇ ಕೆಲಸ ಕಲಿತು ಅಂಗಡಿ ಹಾಕುವುದಕ್ಕೂ ಇದೇ ತೊಡಕು. ಬೆಂಗಳೂರಿಗೆ ದುಡಿಯಲು ಹೋದ ಹುಡುಗರಲ್ಲಿ ಕೆಲವರು ಸಲೂನುಗಳಲ್ಲಿ ಕೆಲಸ ಕಲಿತು ವಾಪಸ್ ಬಂದು, ಕೇರಿಯಲ್ಲೇ ಕನ್ನಡಿ, ಟ್ರಿಮ್ಮರ್, ಕುರ್ಚಿ ಇಟ್ಟುಕೊಂಡಿದ್ದಾರೆ. ನಾನು ನೋಡಿದ ಒಂದು ಅಂಗಡಿಯಲ್ಲಿ ಫೇಡ್ ಕಟಿಂಗು ಗಂಗಾವತಿಯಲ್ಲಿ ಮಾಡಿದ ಹಾಗೇ ಇರುತ್ತದೆ. ಸಂಜೆ ಹೊತ್ತು ಊರಿನ ಬೇರೆ ಓಣಿಯ ಪಡ್ಡೆ ಹುಡುಗರೂ ಬಂದು ಕೂರುತ್ತಾರೆ, ಮನೆಯಲ್ಲಿ ಹೇಳದೆ. ನೋಡಿ ಖುಷಿಯಾಯಿತು, ಸುಳ್ಳು ಯಾಕೆ. ಸ್ಟೈಲಿಗೆ ಜಾತಿ ಮರೆಸುವ ಶಕ್ತಿ ಸ್ವಲ್ಪ ಇದೆ ಅನಿಸಿತು. ಆದರೆ ಕೇರಿಯಲ್ಲಿ ಅಂಗಡಿ ಬಂತು ಅಂತ ಊರಿನ ಅಂಗಡಿಯವರು ನಿಟ್ಟುಸಿರು ಬಿಟ್ಟರೆ? "ನಿಮಗೆ ನಿಮ್ಮದೇ ಇದೆಯಲ್ಲ" ಅಂದರೆ? ಕೂದಲಿನ ಸಮಸ್ಯೆ ಬಗೆಹರಿಯಿತು, ಹಕ್ಕಿನದು ಇದ್ದಲ್ಲೇ ಇದೆ. ಆ ಹುಡುಗನ ಬಗ್ಗೆ ನನಗೆ ಹೆಮ್ಮೆ ಇದೆ, ಅವನ ಅಂಗಡಿಯನ್ನು ತೋರಿಸಿ ಜವಾಬ್ದಾರಿ ತೊಳೆದುಕೊಳ್ಳುವವರ ಬಗ್ಗೆ ಇಲ್ಲ.

ಪೇಟೆಯಲ್ಲಿ ಹಾಗಿಲ್ಲವಲ್ಲ ಅಂತ ಕೇಳಬಹುದು. ನಿಜ, ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಸಲೂನಿನ ಕುರ್ಚಿ ಮೇಲೆ ಕೂತವನ ಜಾತಿ ಯಾರೂ ಕೇಳುವುದಿಲ್ಲ. ಅಲ್ಲಿ ಯಾವ ಗಿರಾಕಿಯೂ ಶಾಶ್ವತ ಅಲ್ಲ, ಒಬ್ಬ ಬಿಟ್ಟರೆ ಇನ್ನೊಬ್ಬ ಬರುತ್ತಾನೆ. ಅದಕ್ಕೇ ಹಳ್ಳಿಯ ಹುಡುಗರು ಪೇಟೆಗೆ ಹೋಗುತ್ತಾರೆ. ಆದರೆ ಬಸ್ಸಿನ ದುಡ್ಡು, ಅರ್ಧ ದಿನದ ಕೂಲಿ ಸೇರಿಸಿದರೆ ಕಟಿಂಗಿಗಿಂತ ಅದೇ ಜಾಸ್ತಿ. ಹುಡುಗರಿಗೆ ಹೇಗೋ ನಡೆಯುತ್ತದೆ. ಎಪ್ಪತ್ತು ವರ್ಷದ ಅಜ್ಜ ಗಡ್ಡ ಮಾಡಿಸಲು ಬಸ್ ಹತ್ತಬೇಕಾ? 2011ರ ಜನಗಣತಿ ಪ್ರಕಾರ ಕೊಪ್ಪಳ ಜಿಲ್ಲೆಯಲ್ಲಿ ಹತ್ತರಲ್ಲಿ ಮೂರು ಜನ ಪರಿಶಿಷ್ಟ ಜಾತಿ, ಪಂಗಡದವರು. ರಾಯಚೂರು, ಬಳ್ಳಾರಿಯಲ್ಲಿ ಇನ್ನೂ ಜಾಸ್ತಿ.

ಒಂದು ಪ್ರಶ್ನೆ ಉಳಿಯುತ್ತದೆ. ಕಾಯ್ದೆ ಇದ್ದರೂ ದೂರು ಯಾಕೆ ಕೊಡುವುದಿಲ್ಲ? ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಊರುಗಳಲ್ಲಿ ಭತ್ತದ ನಾಟಿ, ಕಳೆ, ಕೊಯ್ಲು ಅಂತ ಕೇರಿಯವರಿಗೆ ಕೂಲಿ ಸಿಗುವುದು ಅದೇ ಹೊಲಗಳಲ್ಲಿ. ಕೊಯ್ಲಿಗೆ ಮಷಿನ್ ಬಂದ ಮೇಲೆ ಆ ಕೂಲಿಯೂ ಕಡಿಮೆ. ಯಾರ ಮೇಲೆ ದೂರು ಕೊಡಬೇಕೋ ಅವರ ಗದ್ದೆಯಲ್ಲೇ ನಾಳೆ ನಾಟಿ. ಮರಕುಂಬಿಯವರು ಹತ್ತು ವರ್ಷ ಸಾಕ್ಷಿ ಹೇಳಿ ನಿಂತದ್ದು ಎಷ್ಟು ದೊಡ್ಡ ಮಾತು ಅನ್ನೋದು ಇದನ್ನು ನೋಡಿದರೆ ತಿಳಿಯುತ್ತದೆ. ಪೇಪರಿನಲ್ಲಿ ಅಪರಾಧಿಗಳ ಲೆಕ್ಕ ಬಂತು, ಇವರ ಬಗ್ಗೆ ಎರಡು ಸಾಲು ಬಂದಿದ್ದರೆ ಚೆನ್ನಾಗಿತ್ತು. ಇಂಥ ಕೇಸುಗಳಲ್ಲಿ ಸಾಕ್ಷಿಗಳು ತಿರುಗಿಬೀಳುವುದು ಮಾಮೂಲಿ, ಶಿಕ್ಷೆಯಾಗುವುದು ತೀರಾ ಕಡಿಮೆ. ಚಾರ್ಜ್‌ಶೀಟ್ ಹಾಕಿದ ಎರಡು ತಿಂಗಳಲ್ಲಿ ಆದಷ್ಟೂ ವಿಚಾರಣೆ ಮುಗಿಸಬೇಕು ಅಂತ ಈಗಿನ ದೌರ್ಜನ್ಯ ತಡೆ ಕಾಯ್ದೆ ಹೇಳುತ್ತದೆ. ಎರಡು ತಿಂಗಳಲ್ಲಿ ಮುಗಿದ ಕೇಸು ನಿಮಗೆ ಯಾವುದಾದರೂ ಗೊತ್ತಾ? ಪರಿಶಿಷ್ಟರ ಮೇಲಿನ ದೌರ್ಜನ್ಯದ ಕೇಸು ನೋಡುವ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ 2025ರಲ್ಲಿ ತನ್ನದೇ ಪೊಲೀಸ್ ಠಾಣೆಗಳು ಸಿಕ್ಕಿವೆ. ಊರಿನ ಠಾಣೆಯಲ್ಲಿ "ರಾಜಿ ಆಗ್ರಿ, ಯಾಕ ಬೇಕು" ಅನ್ನಿಸಿಕೊಳ್ಳುವುದಕ್ಕಿಂತ ಇದು ಮೇಲು. 14566 ಅನ್ನೋ ಸಹಾಯವಾಣಿ ಇದೆ, ಪುಕ್ಕಟೆ. ಆ ನಂಬರನ್ನು ಪಂಚಾಯ್ತಿ ಗೋಡೆ ಮೇಲೆ ಬರೆಸಿದ ಊರು ನಮ್ಮ ಕಡೆ ನಾನು ಇನ್ನೂ ನೋಡಿಲ್ಲ.

ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಶಾಂತಿ ಸಭೆ ಮುಗಿಸಿ ಜೀಪು ಹತ್ತುವ ಅಧಿಕಾರಿಗೆ ಒಂದೇ ಕೆಲಸ ಹೇಳುತ್ತಿದ್ದೆ. ಮೂರು ತಿಂಗಳು ಬಿಟ್ಟು, ಯಾರಿಗೂ ಹೇಳದೆ, ಒಂದು ಭಾನುವಾರ ಬೆಳಿಗ್ಗೆ ಅದೇ ಊರಿಗೆ ಹೋಗಿ. ಭಾನುವಾರ ಕಟಿಂಗ್ ಶಾಪಿನಲ್ಲಿ ಗದ್ದಲ ಇರಲೇಬೇಕು. ಶಟರ್ ಇಳಿದಿದ್ದರೆ ಕ್ಷೌರಿಕನನ್ನು ಬೈಯುವ ಮುಂಚೆ, ಅವತ್ತು ಊರಿನಲ್ಲಿ ಯಾರ ಯಾರ ಗಡ್ಡ ಹೊಸದಾಗಿ ಮಾಡಿಸಿದ ಹಾಗಿದೆ ನೋಡಿ, ಎಲ್ಲಿ ಮಾಡಿಸಿದ್ದು ಅಂತ ಅವರನ್ನೇ ಕೇಳಿ, ಹೆಸರು ಸಮೇತ ಬರೆದುಕೊಂಡು ಬನ್ನಿ.